ಮಮ್ಮಿಗೆ ವಾಸನೆ ಹೋದ ವರ್ಷ

ಮಣಿಪಾಲದ ರೆಸ್ಟೋರೆಂಟುಗಳಿಗೆ ನನ್ನ ಜೊತೆ ಬರಲು ನನ್ನ ಗಂಡನೂ ಈಗ ಹೆದರುತ್ತಾನೆ. ನಾನು ಮೆನು ಓದುವ ಮೊದಲು ಅಡುಗೆಮನೆಯ ಕಡೆಯಿಂದ ಬರುವ ಗಾಳಿಯನ್ನು ಮೂಸುತ್ತೇನೆ. ನಿನ್ನೆ ಕಾಯಿಸಿದ ಎಣ್ಣೆಯ ವಾಸನೆ ಬಂದರೆ ಕೂರುವುದೇ ಇಲ್ಲ. ಕಪ್ಪು ಕೋಟಿನ ಹುಡುಗ ವೈನ್ ಬಾಟಲಿ ಹಿಡಿದುಕೊಂಡು ಇದರಲ್ಲಿ ಚೆರ್ರಿಯ ಪರಿಮಳ ಇದೆ, ಓಕ್ ಮರದ ಛಾಯೆ ಇದೆ ಎಂದು ಬಾಯಿಪಾಠ ಒಪ್ಪಿಸಿದರೆ, ಚೆರ್ರಿ ನೀನು ಯಾವಾಗ ತಿಂದದ್ದು ಮಾರಾಯ ಎಂದು ಕೇಳಿಬಿಡುತ್ತೇನೆ. ಲೋಟವನ್ನು ತಿರುಗಿಸಿ ತಿರುಗಿಸಿ ಮೂಗು ಅದ್ದುವವರನ್ನು ಕಂಡರೆ ನನಗೆ ನಗು. ಒಳ್ಳೆಯ ವೈನಿಗೆ ಅಷ್ಟು ಕಸರತ್ತು ಬೇಡ, ಕೆಟ್ಟ ವೈನ್ ಬಾಗಿಲಲ್ಲೇ ತನ್ನ ಹೆಸರು ಹೇಳುತ್ತದೆ. ತಲೆ ಕತ್ತರಿಸಿ ತಟ್ಟೆಯಲ್ಲಿಟ್ಟು ಮಾರುವ ಮೀನನ್ನು ನಾನು ಮುಟ್ಟುವುದಿಲ್ಲ. ಕಣ್ಣು, ಕಿವಿರು ತೋರಿಸದ ಮೀನು ಏನನ್ನೋ ಮುಚ್ಚಿಡುತ್ತಿದೆ ಎಂದೇ ಅರ್ಥ. ಪ್ಲಾಸ್ಟಿಕ್ಕಿನೊಳಗೆ ಉಸಿರುಗಟ್ಟಿದ ಕೊತ್ತಂಬರಿ ಸೊಪ್ಪನ್ನು, ಪುಡಿ ಮಾಡಿ ವರ್ಷವಾದ ಕಾಳುಮೆಣಸನ್ನು ಮನೆಗೆ ತರುವವರ ಮನೆಯಲ್ಲಿ ಊಟ ಮಾಡುವುದೂ ನನಗೆ ಕಷ್ಟ. ಇಷ್ಟೆಲ್ಲ ಎಲ್ಲಿ ಕಲಿತಿರಿ ಮೇಡಂ ಎಂದು ಕೇಳುವವರಿದ್ದಾರೆ. ದೊಡ್ಡ ಹೋಟೆಲುಗಳಲ್ಲಿ, ಪರದೇಶದಲ್ಲಿ ಎಂದು ಅವರ ಊಹೆ. ಸಂತೆಕಟ್ಟೆಯ ಒಂದು ಹಂಚಿನ ಮನೆಯಲ್ಲಿ, ಅತ್ತುಕೊಂಡು ಕಲಿತೆ ಎಂದರೆ ಯಾರೂ ನಂಬುವುದಿಲ್ಲ.

ಆ ಮನೆಗೆ ಎದುರಿನ ಬಾಗಿಲು ಇತ್ತು ಎನ್ನುವುದು ನಮಗೆ ನೆನಪಾಗುತ್ತಿದ್ದದ್ದು ಪಾದ್ರಿಗಳು ಬಂದಾಗ ಮಾತ್ರ. ಉಳಿದವರೆಲ್ಲ ಹಿತ್ತಲಿನಿಂದ ನೇರ ಅಡುಗೆಮನೆಗೇ ಬರುತ್ತಿದ್ದರು. ಹೆದ್ದಾರಿಯ ಬದಿಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಪಪ್ಪ ಬಂದು ಗ್ರೀಸಿನ ಕೈ ತೊಳೆಯುತ್ತಿದ್ದದ್ದೂ ಅಲ್ಲೇ, ನಾನು ಮಗ್ಗಿ ಬರೆಯುತ್ತಿದ್ದದ್ದೂ ಅಲ್ಲೇ, ನಮ್ಮ ಜೊತೆಗೇ ಇದ್ದ ಮಮ್ಮಿಯ ತಂಗಿ ಲಿಲ್ಲಿ ಮಾವ್ಶಿ ಜಡೆ ಹಾಕಿಕೊಳ್ಳುತ್ತಿದ್ದದ್ದೂ ಅಲ್ಲೇ. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಉಗ್ರಾಣ. ಅದರ ಒಂದು ಮೂಲೆಯಲ್ಲಿ ವೈನಿನ ಭರಣಿ, ಇನ್ನೊಂದು ಮೂಲೆಯಲ್ಲಿ ಶಿರ್ಕೊದ ಭರಣಿ. ಶಿರ್ಕೊ ಎಂದರೆ ಕಳ್ಳನ್ನು ವಾರಗಟ್ಟಲೆ ಹುಳಿ ಬರಿಸಿ ಮಾಡುವ ಹುಳಿನೀರು. ಅದಿಲ್ಲದೆ ನಮ್ಮವರ ಹಂದಿಮಾಂಸದ ಬಫಾತ್ ಆಗುವುದಿಲ್ಲ. ಇಗರ್ಜಿಯ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಬಫಾತಿನ ಹಂಡೆಗೆ ಮಸಾಲೆ ಬೀಳುವ ಹೊತ್ತಿಗೆ ಮಮ್ಮಿಗೆ ಕರೆ ಬರುತ್ತಿತ್ತು. ಮಮ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಂಡೆಯ ಮೇಲೆ ಬಾಗಿ, ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡು, ಉಪ್ಪು ಸಾಕು, ಶಿರ್ಕೊ ಇನ್ನೊಂದು ತೊಟ್ಟು, ಬೆಂಕಿ ಎಳೆಯಿರಿ ಎನ್ನುತ್ತಿದ್ದಳು. ಸೌಟಿನಿಂದ ತೆಗೆದು ರುಚಿ ನೋಡುವುದು ಅವಳ ಪ್ರಕಾರ ಮೂಗಿಲ್ಲದವರ ಕೆಲಸ. ಓದು ಅವಳಿಗೆ ಹೆಚ್ಚು ಹತ್ತಿರಲಿಲ್ಲ, ಬಂಗಾರ ಮೈಮೇಲೆ ಹೆಚ್ಚು ಇರಲಿಲ್ಲ. ಇದ್ದದ್ದು ಆ ಮೂಗು ಮತ್ತು ಅದರಿಂದ ಬಂದ ಗತ್ತು.

ಆ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ಮಮ್ಮಿಗೆ ಜ್ವರ ಬಂತು. ಬಂದದ್ದು ಹೋಯಿತು ಕೂಡ. ಜ್ವರ ಬಿಟ್ಟ ಮೇಲೆ ಎದ್ದು ಗಂಜಿಗೆ ಇಟ್ಟಳು. ನಾನು ಶಾಲೆಯಿಂದ ಬಂದಾಗ ಅಂಗಳದಲ್ಲೇ ಸೀದ ಅನ್ನದ ವಾಸನೆ. ಮಮ್ಮಿ ಮನೆಯಲ್ಲಿಲ್ಲವೇನೋ ಎಂದುಕೊಂಡು ಓಡಿದರೆ ಅವಳು ಒಲೆಯ ಪಕ್ಕದಲ್ಲೇ ನಿಂತು ತೆಂಗಿನಕಾಯಿ ತುರಿಯುತ್ತಿದ್ದಳು. ಪಾತ್ರೆಯ ಅಡಿ ಕಪ್ಪಾಗಿ ಹೊಗೆ ಏಳುತ್ತಿತ್ತು.

"ಮಮ್ಮಿ, ಅನ್ನ!"

"ಎಂತ ಅನ್ನ?" ಎಂದು ತಿರುಗಿದಳು. ಹೊಗೆ ಕಂಡಳು. ಪಾತ್ರೆ ಇಳಿಸಿದಳು. ಆಮೇಲೆ ಅದರೊಳಗೆ ಮುಖ ಹಾಕಿ ಮೂಸಿದಳು, ಮತ್ತೆ ಮೂಸಿದಳು. ಶಿರ್ಕೊದ ಭರಣಿಯ ಮುಚ್ಚಳ ತೆಗೆದಳು, ಬೆಳ್ಳುಳ್ಳಿ ಜಜ್ಜಿದಳು, ಒಣಮೆಣಸನ್ನು ಕೆಂಡದ ಮೇಲೆ ಹಾಕಿದಳು. ನಾನು ಕೆಮ್ಮಿ ಕೆಮ್ಮಿ ಹೊರಗೆ ಓಡಿದೆ. ಅವಳಿಗೂ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಬರಲಿಲ್ಲ. ಕೊನೆಗೆ ನನ್ನನ್ನು ಹತ್ತಿರ ಎಳೆದುಕೊಂಡು ನೆತ್ತಿಯ ಮೇಲೆ ಮೂಗಿಟ್ಟಳು. ಬಹಳ ಹೊತ್ತು ಬಿಡಲಿಲ್ಲ.

"ನಿನ್ನದೂ ಇಲ್ಲ ಪುತಾ," ಎಂದಳು.

ಈಚೆಗೆ ಆ ದೊಡ್ಡ ಕಾಯಿಲೆ ಬಂದಾಗ ಅರ್ಧ ಊರಿಗೆ ವಾಸನೆ ಹೋಗಿತ್ತು. ನೆಂಟರೆಲ್ಲ ಫೋನ್ ಮಾಡಿ ಕಾಫಿ ಬಿಸಿನೀರಿನ ಹಾಗಿದೆ ಎಂದು ಗೋಳಾಡಿದರು. ಆಗ ಎಲ್ಲರಿಗೂ ಅದಕ್ಕೊಂದು ಹೆಸರು ಗೊತ್ತಿತ್ತು, ಪತ್ರಿಕೆಯಲ್ಲೂ ಬರುತ್ತಿತ್ತು. ಮಮ್ಮಿಗೆ ಆದಾಗ ಅದು ಕಾಯಿಲೆಯ ಲೆಕ್ಕಕ್ಕೇ ಇರಲಿಲ್ಲ. ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಜ್ವರಕ್ಕೆ ನರ ಸೋತಿದೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಜೀವಕ್ಕೇನೂ ತೊಂದರೆಯಿಲ್ಲ ಎಂದು ಮೃದುವಾಗಿಯೇ ಹೇಳಿದರು. ಬಸ್ಸಿನಲ್ಲಿ ಬರುವಾಗ ಮಮ್ಮಿ ಕಿಟಕಿಯ ಕಡೆ ತಿರುಗಿಕೊಂಡು, ಜೀವ ಅಂದರೆ ಇನ್ನೆಂತ ಉಂಟು ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಊಟ ಬಲ್ಲವಳಿಗೇ ಬಂದು ಬಡಿಯಿತು. ಬಂದದ್ದು ಹೋಗಲೂ ಇಲ್ಲ. ಮಮ್ಮಿಗೆ ಮತ್ತೆಂದೂ ವಾಸನೆ ಮರಳಲಿಲ್ಲ.

ಅನ್ನ ಅವಳಿಗೆ ಒದ್ದೆ ಹತ್ತಿಯಾಯಿತು, ಮೀನು ರಬ್ಬರಾಯಿತು. ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು, ಆದರೆ ಯಾವ ಹುಳಿ, ಯಾವ ಖಾರ ಎಂದು ತಿಳಿಯುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಬೆರಳಿನಿಂದ ಅನ್ನ ಕಲಸಿ ಕಲಸಿ ಹಾಗೆಯೇ ನಾಯಿಗೆ ಹಾಕುತ್ತಿದ್ದಳು. ಕೊರಳಿನ ಮೂಳೆ ಕಾಣತೊಡಗಿತು. ಇಷ್ಟಾದರೂ ಯಾರಿಗೂ ಹೇಳಕೂಡದು ಎಂದು ಅಪ್ಪಣೆಯಾಯಿತು. ಲಿಲ್ಲಿ ಮಾವ್ಶಿಯ ಮದುವೆ ನಿಶ್ಚಯವಾಗಿತ್ತು. ಕ್ರಿಸ್ಮಸ್ ಕಳೆದು ಹೊಸ ವರ್ಷಕ್ಕೆ ಮದುವೆ. ಲೋಟ ಎತ್ತಿ ವಧೂವರರನ್ನು ಹಾರೈಸುವ ಟೋಸ್ಟಿಗೆ ವೈನ್, ಊಟಕ್ಕೆ ಬಫಾತ್, ಎರಡೂ ತನ್ನ ಕೈಯದೇ ಎಂದು ಗಂಡಿನ ಕಡೆಯವರಿಗೆ ಮಮ್ಮಿ ಮೊದಲೇ ಹೇಳಿಯಾಗಿತ್ತು. ತಾಯಿಯಿಲ್ಲದ ತಂಗಿಗೆ ಅವಳು ಕೊಡುವ ಉಡುಗೊರೆ ಅದೇ.

"ನನ್ನ ಮೂಗು ಹೋಗಿದೆ ಅಂತ ಗೊತ್ತಾದ್ರೆ ಮತ್ತೆ ಯಾರು ಕರೀತಾರೆ ನನ್ನನ್ನು?" ಎಂದು ಪಪ್ಪನನ್ನು ಕೇಳಿದಳು. "ನಿಮಗೆ ಕೈಯಿಲ್ಲದಿದ್ರೆ ಸ್ಕೂಟರ್ ಕೊಡ್ತಾರಾ?"

"ಕೈ ಬೇರೆ, ಮೂಗು ಬೇರೆ, ಕ್ರಿಸ್ತಿನ್," ಎಂದ ಪಪ್ಪ. ಅದು ಹೇಳಬಾರದ ಮಾತಾಗಿತ್ತು. ಆ ದಿನ ನಮ್ಮ ಮನೆಯಲ್ಲಿ ಒಲೆ ಉರಿಯಲಿಲ್ಲ.

ಮರುದಿನದಿಂದ ಮಮ್ಮಿ ನನ್ನನ್ನು ಮೂಗಾಗಿ ಇಟ್ಟುಕೊಂಡಳು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಕಾಪುವಿಗೆ ಹೋಗುತ್ತಿದ್ದೆವು, ಮೀನಿಗೆ. ಸಂತೆಕಟ್ಟೆಯಲ್ಲೇ ಮೀನು ಸಿಗುತ್ತಿತ್ತು. ಅಲ್ಲಿ ಎಲ್ಲರಿಗೂ ನಮ್ಮ ಗುರುತು ಇತ್ತು, ಅದಕ್ಕೆ ಅಷ್ಟು ದೂರ. ಮಮ್ಮಿ ಬಂಗುಡೆಯ ಕಿವಿರು ಎತ್ತಿ ನೋಡುವ ನಾಟಕ ಮಾಡುತ್ತಿದ್ದಳು. ನಾನು ಚೀಲ ಸರಿಪಡಿಸುವ ನೆಪದಲ್ಲಿ ಬುಟ್ಟಿಯ ಮೇಲೆ ಬಾಗಿ ಮೂಸುತ್ತಿದ್ದೆ. ಹಾಳಾಗಿದ್ದರೆ ಅವಳ ಸೀರೆಯ ನೆರಿಗೆ ಎಳೆಯಬೇಕು. ಮೀನಿನವಳು ಮೊದಮೊದಲು ಸುಮ್ಮನಿದ್ದಳು, ಆಮೇಲೆ ಹಿಡಿದುಬಿಟ್ಟಳು.

"ಎಂತ ಬಾಯಮ್ಮ, ಮಗಳಿಗೆ ಈಗಲೇ ಮೀನಿನ ಪರೀಕ್ಷೆಯಾ? ಇವಳನ್ನು ಕಟ್ಟಿಕೊಳ್ಳುವವ ಪಾಪದವ ಮಾರಾಯ್ತಿ!"

ಸುತ್ತಲಿದ್ದವರು ನಕ್ಕರು. ಮಮ್ಮಿಯೂ ನಕ್ಕಳು. ಮೀನು ಕಟ್ಟಿಸಿಕೊಂಡು ದೀಪಸ್ತಂಭದ ದಾರಿಗೆ ತಿರುಗಿದೆವು. ಸಮುದ್ರ ಎದುರಿಗೇ ಇತ್ತು. ವಾಸನೆಯಿಲ್ಲದಿದ್ದರೆ ಇದು ಬರೀ ನೀರು ಎಂದಳು. ಉಡುಪಿಯ ಮಸಾಲೆ ಅಂಗಡಿಯಲ್ಲೂ ಇದೇ ನಾಟಕ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಿಕ್ಕಿ ತನ್ನ ಮೂಗಿಗೆ ಹಿಡಿದು, ಆಮೇಲೆ ನನ್ನ ಕೆನ್ನೆ ಸವರುವ ಹಾಗೆ ನನ್ನ ಮೂಗಿಗೆ ತರುತ್ತಿದ್ದಳು. ಹಳತು, ಹೊಸತು, ಮುಗ್ಗಿದ್ದು, ಬಿಸಿಲಿಗಿಟ್ಟು ಮೋಸ ಮಾಡಿದ್ದು ಎಂದೆಲ್ಲ ನಾನು ಕಲಿತದ್ದು ಆ ಅಂಗೈಯಲ್ಲಿ. ನನಗೆ ಆಟವಾಡುವ ವಯಸ್ಸು. ತಪ್ಪು ಹೇಳಿದರೆ ಮಮ್ಮಿ ಸಾಯುತ್ತಾಳೆ ಎಂದು ನಾನು ನಿಜವಾಗಿ ನಂಬಿದ್ದೆ.

ಎಲ್ಲಕ್ಕಿಂತ ಕಷ್ಟ ಹೋಟೆಲು. ಮಸಾಲೆ ಕೊಳ್ಳಲು ಹೋದಾಗಲೆಲ್ಲ ರಥಬೀದಿಯ ಹತ್ತಿರ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿ ನನಗೊಂದು ಮಸಾಲೆ ದೋಸೆ, ಗೋಳಿಬಜೆ ಹೇಳುತ್ತಿದ್ದಳು. ತನಗೆ ಬರೀ ನೀರು. ನಾನು ತಿನ್ನಬೇಕು, ಅವಳಿಗೆ ಹೇಳಬೇಕು.

"ಹೇಗುಂಟು?"

"ಚೆನ್ನಾಗುಂಟು."

"ಚೆನ್ನಾಗುಂಟು ಅಂತ ಹೇಳಲಿಕ್ಕೆ ನೀನು ಯಾಕೆ? ಅದನ್ನು ಮಾಣಿಯೂ ಹೇಳ್ತಾನೆ. ಸಾಂಬಾರಿನಲ್ಲಿ ಮೊದಲು ಎಂತ ಬರ್ತದೆ? ಆಮೇಲೆ ಎಂತ?"

ನಾನು ಮತ್ತೊಂದು ಚಮಚ ಬಾಯಿಗಿಟ್ಟುಕೊಂಡು ಯೋಚಿಸುತ್ತಿದ್ದೆ. ಮೊದಲು ಬೆಲ್ಲ, ಆಮೇಲೆ ಮೆಣಸು, ನುಂಗಿದ ಮೇಲೆ ಇಂಗು. ಕಾಯಿ ಹುರಿದದ್ದು ಸ್ವಲ್ಪ ಹೆಚ್ಚಾಗಿದೆ, ಹಿಂದಿನಿಂದ ಕಹಿ ಬರುತ್ತದೆ. ಹೀಗೆ ಹೇಳಿದರೆ ಮಮ್ಮಿಯ ಗಂಟಲು ಏನೋ ನುಂಗಿದ ಹಾಗೆ ಆಡುತ್ತಿತ್ತು. ಸರಿಯಾದ ಮಾತು ಸಿಗದಿದ್ದರೆ ಮಾತ್ರ ಮೇಜಿನ ಕೆಳಗೆ ನನ್ನ ತೊಡೆಗೆ ಚಿವುಟುತ್ತಿದ್ದಳು, ನೋಯುವ ಹಾಗೆ. ಚಿವುಟಿದ ಮೇಲೆ ಅವಳೇ ಅಳುತ್ತಿದ್ದಳು. ಪಕ್ಕದ ಮೇಜಿನವರು ನಮ್ಮನ್ನು ನೋಡಿ ಏನೆಂದುಕೊಂಡರೋ. ಇವತ್ತಿಗೂ ಯಾರಾದರೂ ಊಟ ಮಾಡಿ "ಸೂಪರ್" ಎಂದು ಎದ್ದುಹೋದರೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ. ಹಸಿದವಳೊಬ್ಬಳು ಎದುರಿಗೆ ಕೂತು ಕೇಳಿಸಿಕೊಳ್ಳುತ್ತಿದ್ದರೆ ಅವರು ಹಾಗೆ ಹೇಳುತ್ತಿದ್ದರೇ?

ವೈನಿನ ವಿಷಯದಲ್ಲಿ ಮಾತ್ರ ಅವಳು ನನ್ನನ್ನು ಹತ್ತಿರ ಸೇರಿಸಲಿಲ್ಲ. ವೈನಿನ ಭರಣಿಗೆ ಮಕ್ಕಳು ಬಾಗಬಾರದು ಎಂಬುದು ನಮ್ಮ ಮನೆಯ ಹಳೆಯ ನೇಮ, ಅಜ್ಜಿಯ ಕಾಲದ್ದು. ಅದೂ ಅಲ್ಲದೆ, ವೈನ್ ನನ್ನ ಕೈಗೆ ಗೊತ್ತುಂಟು, ಅದಕ್ಕೆ ಮೂಗು ಬೇಡ ಎಂಬ ಹಠ. ಅಷ್ಟಾದರೂ ತನ್ನದೇ ಆಗಿ ಉಳಿಯಲಿ ಎಂಬ ಆಸೆ ಅದು ಎಂದು ಈಗ ಅನಿಸುತ್ತದೆ. ಕಪ್ಪು ದ್ರಾಕ್ಷಿ ತಂದು, ಒರೆಸಿ, ಕೈಯಿಂದಲೇ ಹಿಚುಕಿ, ಸಕ್ಕರೆ, ಗೋಧಿ, ಲವಂಗ, ಚಕ್ಕೆ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದಳು. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಉಗ್ರಾಣದ ಬಾಗಿಲು ಹಾಕಿಕೊಂಡು ಮರದ ಸೌಟಿನಿಂದ ಕದಡುತ್ತಿದ್ದಳು. ಸೋಸಿ, ಮತ್ತೆ ಭರಣಿಗೆ ತುಂಬಿ, ಕ್ರಿಸ್ಮಸ್ ತನಕ ಮುಟ್ಟಬಾರದು ಎಂದು ಮುಚ್ಚಳಕ್ಕೆ ಹಿಟ್ಟು ಮೆತ್ತಿದಳು. ಆ ದಿನಗಳಲ್ಲಿ ಅವಳ ಮುಖ ಸ್ವಲ್ಪ ತಿಳಿಯಾಗಿತ್ತು. ಒಂದು ದಿನ ಎರಡನೆಯ ಸಲ ಅನ್ನವನ್ನೂ ಬಡಿಸಿಕೊಂಡಳು. ನಾನೂ ಪಪ್ಪನೂ ಕಣ್ಣಲ್ಲೇ ಮಾತಾಡಿಕೊಂಡೆವು.

ಕ್ರಿಸ್ಮಸ್ ಹಿಂದಿನ ವಾರ, ಬೆಳಿಗ್ಗೆ, ಬಾಟಲಿಗಳನ್ನು ತೊಳೆದು ಒಣಗಿಸಿ ಭರಣಿಯನ್ನು ಅಡುಗೆಮನೆಗೆ ತಂದರು. ಪಪ್ಪ ಹಿಟ್ಟು ಕೆರೆದು ಮುಚ್ಚಳ ತೆಗೆದ. ಬಾಗಿಲಲ್ಲಿ ನಿಂತಿದ್ದ ನನಗೇ ಅದು ಬಂದು ಹೊಡೆಯಿತು. ಪಪ್ಪನಿಗೂ ಗೊತ್ತಾಯಿತು, ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ಬೇಡ, ಹೇಳಬೇಡ ಎಂದು. ಲಿಲ್ಲಿ ಮಾವ್ಶಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮಮ್ಮಿ ಒಬ್ಬಳೇ ನಗುತ್ತಿದ್ದಳು. ಬಣ್ಣ ನೋಡಿ, ಎಂಥ ಬಣ್ಣ ಬಂದಿದೆ ಎಂದು ಲೋಟಕ್ಕೆ ತುಂಬಿ ಬೆಳಕಿಗೆ ಹಿಡಿದಳು. ತುಟಿಗೆ ಮುಟ್ಟಿಸಿದಳು. ನಗು ನಿಂತಿತು.

"ಹುಳಿ ಉಂಟು," ಎಂದಳು. "ದ್ರಾಕ್ಷಿ ಹುಳಿಯಿರಬೇಕು. ಐರಿನ್, ಬಾ ಇಲ್ಲಿ. ಎಂತ ವಾಸನೆ?"

"ಚೆನ್ನಾಗುಂಟು ಕ್ರಿಸ್ತಿನ್, ಮಗುವನ್ನು ಯಾಕೆ ಕೇಳ್ತಿ," ಎಂದ ಪಪ್ಪ.

"ನಿಮ್ಮನ್ನು ಕೇಳಲಿಲ್ಲ."

ನಾನು ಲೋಟಕ್ಕೆ ಬಾಗಿದೆ. "ಶಿರ್ಕೊ," ಎಂದೆ.

ಮಮ್ಮಿ ಉಗ್ರಾಣಕ್ಕೆ ಹೋದಳು. ಅಲ್ಲಿ ಎರಡು ಮೊಳೆಗಳಲ್ಲಿ ಎರಡು ಮರದ ಸೌಟುಗಳು, ಒಂದು ವೈನಿನದು, ಇನ್ನೊಂದು ಶಿರ್ಕೊದ್ದು. ಒಂದೇ ಬಡಗಿ ಒಂದೇ ಹಲಸಿನ ಹಲಗೆಯಿಂದ ಮಾಡಿದವು. ಯಾವುದು ಯಾವುದು ಎಂದು ಅವಳು ಗುರುತು ಹಾಕಿರಲಿಲ್ಲ. ಮೂಸಿದರೆ ಗೊತ್ತಾಗುತ್ತದಲ್ಲ, ಗುರುತು ಎಂತಕ್ಕೆ? ಅವಳ ತಾಯಿಯೂ ಹಾಕಿರಲಿಲ್ಲ. ಎರಡನ್ನೂ ತಂದು ನನ್ನ ಮುಖದ ಮುಂದೆ ಹಿಡಿದಳು. ವೈನಿನ ಮೊಳೆಯಲ್ಲಿದ್ದ ಸೌಟಿನಿಂದಲೇ ಶಿರ್ಕೊ ವಾಸನೆ ಬರುತ್ತಿತ್ತು. ಜ್ವರದ ಮೇಲೆ ಎಂದೋ ತೊಳೆದು ಒಣಗಿಸಿದವಳು ಮೊಳೆ ಬದಲಿಸಿ ತೂಗುಹಾಕಿದ್ದಳು. ದಿನಾ ಪ್ರಾರ್ಥನೆ ಮುಗಿಸಿ, ಅಷ್ಟು ಭಕ್ತಿಯಿಂದ, ತಂಗಿಯ ಮದುವೆಯ ವೈನಿಗೆ ತನ್ನ ಕೈಯಾರೆ ಹುಳಿ ಕದಡಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನ ಕೈಯಲ್ಲೇ ದೊಣ್ಣೆಯೂ ಇತ್ತು.

ಮಮ್ಮಿ ನೆಲದ ಮೇಲೆ ಕೂತಳು. ಕೂಗಾಡಲಿಲ್ಲ. ನನ್ನನ್ನು ಈ ಅಡುಗೆಮನೆಯಿಂದ ಹೊರಗೆ ಹಾಕಿ ಎಂದು ಮಾತ್ರ ಹೇಳುತ್ತಿದ್ದಳು, ಅದನ್ನೇ ಮತ್ತೆ ಮತ್ತೆ. ಲಿಲ್ಲಿ ಮಾವ್ಶಿ ಅವಳನ್ನು ತಬ್ಬಿಕೊಂಡು, ಅಂಗಡಿಯ ವೈನ್ ತರಿಸುವ ಬಿಡು ಅಕ್ಕ, ಯಾರಿಗೆ ಗೊತ್ತಾಗ್ತದೆ ಎಂದಳು. ಪಪ್ಪ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದ. ಅವನ ಕಣ್ಣೂ ಕೆಂಪಾಗಿತ್ತು.

"ಚೆನ್ನಾಗುಂಟು ಅಂತ ಒಂದು ಮಾತು ಹೇಳಿದ್ರೆ ನಿನಗೆ ಎಂತ ಹೋಗ್ತಿತ್ತು? ನಿನ್ನ ಮಮ್ಮಿ ಊಟ ಮಾಡ್ಲಿಕ್ಕೆ ಶುರು ಮಾಡಿದ್ದಳು."

ಒಳಗಿನಿಂದ ಮಮ್ಮಿಯ ಸ್ವರ ಬಂತು. "ಅವಳಿಗೆ ಸುಳ್ಳು ಕಲಿಸಬೇಡಿ! ಅವಳೂ ಸುಳ್ಳು ಹೇಳಿದ್ರೆ ನನಗೆ ಉಳಿಯುವುದು ಎಂತ?"

ಆ ಕ್ರಿಸ್ಮಸ್ಸಿಗೆ ನಮ್ಮ ಮನೆಯಲ್ಲಿ ಕರ್ಜಿಕಾಯಿಯಂಥ ನೆವ್ರಿ ಕರಿಯಲಿಲ್ಲ, ಕೇಕಿಲ್ಲ. ವಿಷಯ ಎಲ್ಲರಿಗೂ ತಿಳಿಯಿತು. ಅಯ್ಯೋ ಪಾಪ ಎನ್ನಲು ಬಂದವರಿಗೆ ಮಮ್ಮಿ ಮುಖ ತೋರಿಸಲಿಲ್ಲ. ಬಫಾತಿಗೆ ಕಾರ್ಕಳದಿಂದ ಎಮಿಲಿಯಾ ಎಂಬವಳನ್ನು ಗೊತ್ತುಮಾಡಿದರು. ಅವಳ ಹೆಸರನ್ನು ಮಮ್ಮಿ ಹಿಂದೆ ಎತ್ತಿದ್ದರೆ ಅದು ಬೈಯಲಿಕ್ಕೇ ಆಗಿತ್ತು: ಖಾರ ಹಾಕಿ ಕಣ್ಣೀರು ಬರಿಸುವುದನ್ನು ಅಡುಗೆ ಅಂದುಕೊಂಡವಳು ಎಂದು. ಮದುವೆಯ ತನಕ ಮಮ್ಮಿ ಗಂಜಿಯ ತಿಳಿಯಲ್ಲಿ ಬದುಕಿದಳು. ನಾನು ಶಾಲೆಯಲ್ಲಿ ಬುತ್ತಿ ಬಿಚ್ಚಿದರೆ ತಿನ್ನಲಾಗುತ್ತಿರಲಿಲ್ಲ. ರುಚಿ ಗೊತ್ತಾಗುವುದೇ ಒಂದು ಅಪರಾಧ ಎನಿಸುತ್ತಿತ್ತು.

ಮದುವೆಯ ದಿನ ಮಮ್ಮಿ ರೇಷ್ಮೆ ಸೀರೆ ಉಟ್ಟಳು. ಇಗರ್ಜಿಯಲ್ಲಿ ತಂಗಿಯ ಪಕ್ಕದಲ್ಲೇ ನಿಂತಳು. ಟೋಸ್ಟಿಗೆ ಅಂಗಡಿಯ ವೈನ್ ಬಂದಾಗ ಲೋಟ ಎತ್ತಿ ಎಲ್ಲರ ಜೊತೆ ಹಾಡಿದಳು, ಕುಡಿಯದೆ ಕೆಳಗಿಟ್ಟಳು. ಮಧ್ಯಾಹ್ನ ಊಟಕ್ಕೆ ಉದ್ದ ಮೇಜಿನಲ್ಲಿ ಅವಳ ಒಂದು ಕಡೆ ನಾನು, ಇನ್ನೊಂದು ಕಡೆ ಪಪ್ಪ. ಕಳ್ಳು ಹಾಕಿ ಉಬ್ಬಿಸಿದ ಇಡ್ಲಿಯಂಥ ಸಾನ್ನಾ ಬಂತು, ಬಫಾತ್ ಬಂತು. ನಾನು ಮಮ್ಮಿಯ ಕಡೆ ನೋಡಲು ಹೆದರಿ ತಟ್ಟೆಗೆ ಬಗ್ಗಿದೆ. ಸಾನ್ನಾ ಮುರಿದು ಗಸಿಯಲ್ಲಿ ಅದ್ದಿ ಬಾಯಿಗಿಟ್ಟೆ. ಹಂದಿಯ ಕೊಬ್ಬು ನಾಲಿಗೆಯ ಮೇಲೆ ಕರಗಿತು. ಖಾರ ಮೊದಲು ಬರಲಿಲ್ಲ, ಲವಂಗ ಬಂತು. ಆಮೇಲೆ ನಿಧಾನವಾಗಿ ಖಾರ. ಕೊನೆಗೆ ಒಂದು ಹುಳಿ, ನಮ್ಮ ಶಿರ್ಕೊ ಹತ್ತುವ ಹಾಗೆ ಮೂಗಿಗೆ ಹತ್ತದ, ಹಸಿರು ಹಸಿರಾದ ಹುಳಿ. ಹಸಿವಿಗೆ ನಾಚಿಕೆಯಿಲ್ಲ. ನಾನು ಗಬಗಬ ತಿಂದೆ. ತಲೆ ಎತ್ತಿದಾಗ ಮಮ್ಮಿ ನನ್ನನ್ನೇ ನೋಡುತ್ತಿದ್ದಳು. ಅವಳ ತಟ್ಟೆ ಬಡಿಸಿದ ಹಾಗೆಯೇ ಇತ್ತು.

"ಚೆನ್ನಾಗುಂಟಾ?"

ಆ ಮಾತನ್ನು ಅವಳು ಅಷ್ಟು ತಿಂಗಳು ನನ್ನ ಬಾಯಿಯಿಂದ ಬರಲು ಬಿಟ್ಟಿರಲಿಲ್ಲ. ನಾನು ತಲೆ ಆಡಿಸಿದೆ.

"ನನ್ನದಕ್ಕಿಂತ?"

ಪಪ್ಪ ಅಗಿಯುವುದನ್ನು ನಿಲ್ಲಿಸಿದ. ಎದುರು ಸಾಲಿನವರೂ ಕೇಳಿಸಿಕೊಂಡರು. ಹಿತ್ತಲಿನಲ್ಲಿ ಪಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಮಮ್ಮಿ ಅಡುಗೆಮನೆಯಿಂದ ಕೂಗಿದ್ದೂ ನೆನಪಿತ್ತು.

"ಹೌದು," ಎಂದೆ.

ಮಮ್ಮಿ ಅತ್ತಳು. ಮುಖ ಮುಚ್ಚಿಕೊಳ್ಳದೆ, ರೇಷ್ಮೆ ಸೀರೆಯಲ್ಲಿ, ಊರಿನವರೆಲ್ಲರ ಎದುರು ಅತ್ತಳು. ಎದ್ದು ಹೋಗುತ್ತಾಳೆ, ಮತ್ತೆ ನನ್ನ ಹತ್ತಿರ ಮಾತಾಡುವುದಿಲ್ಲ, ಇನ್ನು ಒಂದು ಅಗುಳೂ ಮುಟ್ಟುವುದಿಲ್ಲ ಎಂದೇ ಎಣಿಸಿದೆ. ಅವಳು ಏಳಲಿಲ್ಲ. ತನ್ನ ತಟ್ಟೆಯಿಂದ ಕೊಬ್ಬಿರುವ ಒಂದು ತುಂಡು ಆರಿಸಿ, ಗಸಿಯಲ್ಲಿ ಹೊರಳಿಸಿ, ನನ್ನ ಬಾಯಿಗೆ ಇಟ್ಟಳು. ಇನ್ನೊಂದು ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡು ಜಗಿಯತೊಡಗಿದಳು.

"ನಿಧಾನ ಜಗಿ," ಎಂದಳು. "ಹುಳಿಗೆ ಎಂತ ಹಾಕಿದ್ದಾಳೆ ಅವಳು?"